ಹಳೆ ಬೈಕು ಕೊಳ್ಳುವ ಮುಂಚೆ ಅದರ ಹಳೆ ಕತೆ



ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ದೇವಾಲಯದ ಅಂಗಳದಲ್ಲಿ ನಿಂತಿರುವ ಬೈಕುಗಳ ಸಾಲನ್ನು ಒಮ್ಮೆ ಗಮನಿಸಿ. ಒಂದಷ್ಟು ಟಿಎನ್ 70, ಒಂದಷ್ಟು ಕೆಎ 51. ಗಡಿಯಲ್ಲಿರುವ ನಮ್ಮ ಬದುಕು ಆ ನಂಬರ್ ಪ್ಲೇಟುಗಳಲ್ಲೇ ಕಾಣುತ್ತದೆ. ಮನೆ ಹೊಸೂರಿನ ಕಡೆ, ಕೆಲಸ ಅತ್ತಿಬೆಲೆಯಾಚೆ. ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರೂ ನಮ್ಮ ಯುವಜನ ಕೂಟದಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಇಪ್ಪತ್ತು ಸಾವಿರದೊಳಗೆ ಒಂದು ಗಾಡಿ ಸಿಗುತ್ತಾ?"

ಸಿಗುತ್ತದೆ. ನಮ್ಮ ಕೂಟದ ಒಬ್ಬ ತಮ್ಮನಿಗೂ ಸಿಕ್ಕಿತು. 19,000 ರೂಪಾಯಿಗೆ ಒಂದು 100 ಸಿಸಿ ಬೈಕು, ಕೆಎ ನಂಬರು. ಮಾರಿದವನು ಆರ್‌ಸಿಯಲ್ಲಿ ಹೆಸರಿದ್ದವನಲ್ಲ, ಅವನೂ ಇನ್ನೊಬ್ಬರಿಂದ ಕೊಂಡವನು. "ಏನೂ ಆಗಲ್ಲ ತಮ್ಮಾ, ನಾನೂ ಎರಡು ವರ್ಷ ಹಂಗೇ ಓಡ್ಸಿದೀನಿ" ಎಂದು ಕೀ ಕೊಟ್ಟ. ಎಂಟು ತಿಂಗಳ ನಂತರ ಸಂಜೆ ಶಿಫ್ಟ್ ಮುಗಿಸಿ ಬರುವಾಗ ರಸ್ತೆ ದಾಟುತ್ತಿದ್ದ ಒಬ್ಬ ಅಜ್ಜಿಗೆ ಗಾಡಿ ತಗುಲಿ ಅವರ ಕಾಲು ಮುರಿಯಿತು. ಇನ್ಶೂರೆನ್ಸ್ ಮುಗಿದು ಬಹಳ ದಿನವಾಗಿತ್ತು. ಆರ್‌ಸಿಯಲ್ಲಿದ್ದ ಮನುಷ್ಯ ಯಾರೆಂದು ನಮ್ಮ ತಮ್ಮನಿಗೆ ಗೊತ್ತೇ ಇರಲಿಲ್ಲ. ಬೈಕಿಗೆ ಕೊಟ್ಟದ್ದರ ಎರಡರಷ್ಟು ಹಣ ಆಸ್ಪತ್ರೆಗೆ ಹೋಯಿತು. ಅದು ಅವನ ತಾಯಿ ತಂಗಿಯ ಓದಿಗೆಂದು ಕಟ್ಟಿದ್ದ ಚೀಟಿಯ ಹಣ.

ಆ ಘಟನೆಯ ನಂತರ ನಾವೆಲ್ಲ ಕೂತು ಮಾತಾಡಿದಾಗ ಒಂದು ವಿಷಯ ಹೊಳೆಯಿತು. ಹಳೆ ಬೈಕು ಕೊಳ್ಳುವವರು ಇಂಜಿನ್ ಜೊತೆಗೆ ಅದರ ಚರಿತ್ರೆಯನ್ನೂ ಕೊಳ್ಳುತ್ತಾರೆ. ಆ ಚರಿತ್ರೆಯಲ್ಲಿ ಎರಡು ಭಾಗ: ಒಂದು ದೇಶದ್ದು, ಇನ್ನೊಂದು ಆ ಒಂದು ಗಾಡಿಯದು. ಎರಡನ್ನೂ ತಿಳಿದಿರುವುದು ಒಳ್ಳೆಯದು.

ಕಾಯುವ ಕಾಲ

"ಸೆಕೆಂಡ್ ಹ್ಯಾಂಡ್ ಅಂದರೆ ಅಗ್ಗ" ಎಂದು ನಾವು ಸಲೀಸಾಗಿ ಹೇಳುತ್ತೇವೆ. ನಮ್ಮ ತಾತಂದಿರ ಕಾಲದಲ್ಲಿ ಈ ಮಾತು ನಡೆಯುತ್ತಿರಲಿಲ್ಲ. ಆಗ ಒಂದು ಕಾರ್ಖಾನೆ ವರ್ಷಕ್ಕೆ ಎಷ್ಟು ಗಾಡಿ ತಯಾರಿಸಬೇಕು ಎನ್ನುವುದನ್ನು ಸರ್ಕಾರದ ಲೈಸೆನ್ಸ್ ತೀರ್ಮಾನಿಸುತ್ತಿತ್ತು. ಕೊಳ್ಳುವವರು ಹೆಚ್ಚು, ಗಾಡಿ ಕಡಿಮೆ. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ಹತ್ತು ವರ್ಷದವರೆಗೂ ಕಾದವರಿದ್ದಾರೆ. ಹಾಗಾಗಿ ಕೈಗೆ ಬಂದ ಸ್ಕೂಟರನ್ನು ಮರುದಿನವೇ ಮಾರಿದರೂ ಶೋರೂಮ್ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು. ಹೊಸದಕ್ಕಿಂತ ಹಳೆಯದೇ ದುಬಾರಿ, ಏಕೆಂದರೆ ಹಳೆಯದು ಇವತ್ತೇ ಸಿಗುತ್ತದೆ.

ಮೋಟಾರ್ ಸೈಕಲ್ಲುಗಳೂ ಇದ್ದವು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. ಜಾವಾ, ಮುಂದೆ ಅದೇ ಕಾರ್ಖಾನೆಯ ಯೆಜ್ಡಿ, 250 ಸಿಸಿಯವು. ರಾಜದೂತ್ 175 ಸಿಸಿ, ಬುಲೆಟ್ 350 ಸಿಸಿ. ಗಟ್ಟಿ ಗಾಡಿಗಳು, ಆದರೆ ಭಾರ ಹೆಚ್ಚು, ಪೆಟ್ರೋಲ್ ಖರ್ಚೂ ಹೆಚ್ಚು. ದಿನಗೂಲಿಯವನಿಗೆ, ಶಾಲೆ ಮೇಷ್ಟ್ರಿಗೆ, ಹಳ್ಳಿ ಹಳ್ಳಿ ಸುತ್ತುವ ಉಪದೇಶಿಗೆ ಸೈಕಲ್ಲೇ ಗತಿ.

ನಮ್ಮ ಹೊಸೂರಿನ ಪಾಲು

ಇಲ್ಲಿಂದ ಮುಂದಿನ ಕತೆ ನಮ್ಮ ಊರಿನದೇ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂತು. ಇಬ್ಬರು ಕೂರಬಹುದಾದ ಭಾರತದ ಮೊದಲ ಮೊಪೆಡ್ ಅದು. 50 ಸಿಸಿ, ಗೇರಿಲ್ಲ, ಪೆಟ್ರೋಲ್ ಮುಗಿದರೆ ಪೆಡಲ್ ತುಳಿಯಬಹುದು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಗುಲಾಬಿ ಹೂವಿನ ಕಟ್ಟು, ಹಿಂದೆ ಮಗು ಎತ್ತಿಕೊಂಡ ಹೆಂಡತಿ, ಎಲ್ಲವನ್ನೂ ಹೊತ್ತಿತು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಇಂಜಿನ್ ಗಾಡಿ ಅದೇ.

1980ರ ದಶಕದ ಮೊದಲ ವರ್ಷಗಳಲ್ಲಿ ಸರ್ಕಾರ ವಿದೇಶಿ ಕಂಪನಿಗಳ ಜೊತೆ ಸೇರಿ ಸಣ್ಣ ಬೈಕು ತಯಾರಿಸಲು ದಾರಿ ಬಿಟ್ಟಿತು. ಜಪಾನಿನ ನಾಲ್ಕು ಕಂಪನಿಗಳೂ ಬಂದವು. ಮೊದಲನೆಯ ಬೈಕು ಬಂದದ್ದು ಮತ್ತೆ ಹೊಸೂರಿನಿಂದಲೇ: 1984ರ ಇಂಡ್-ಸುಜುಕಿ ಎಎಕ್ಸ್ 100. 1985ರಲ್ಲಿ ಹರಿಯಾಣದ ಧಾರೂಹೇಡಾದಿಂದ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ 100, 1986ರಲ್ಲಿ ಕವಾಸಾಕಿ ಬಜಾಜ್ ಕೆಬಿ 100. ಎರಡೇ ವರ್ಷದಲ್ಲಿ "100 ಸಿಸಿ" ಎಂಬುದು ಮನೆಮಾತಾಯಿತು. ಇಂದಿಗೂ ಮೊದಲ ಬೈಕು ಎಂದರೆ ನಮ್ಮ ಮನಸ್ಸಿಗೆ ಬರುವುದು ಆ ಅಳತೆಯೇ.

ಎರಡು ಸ್ಟ್ರೋಕು, ನಾಲ್ಕು ಸ್ಟ್ರೋಕು

ಈ ನಾಲ್ಕರಲ್ಲಿ ಮೂರು ಟೂ-ಸ್ಟ್ರೋಕ್, ಸಿಡಿ 100 ಮಾತ್ರ ಫೋರ್-ಸ್ಟ್ರೋಕ್. ಬಿಎಸ್ಸಿಯಲ್ಲಿ ಇಂಜಿನ್ ಚಿತ್ರ ಬರೆದವರಿಗೆ ಇದು ಗೊತ್ತು, ಉಳಿದವರಿಗಾಗಿ ಚುಟುಕಾಗಿ ಹೇಳುತ್ತೇವೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದರೆ ಕೆಲಸ ಮುಗಿಯಿತು. ಹೊಗೆ ಹೊರಹೋಗುವಾಗಲೇ ಹೊಸ ಪೆಟ್ರೋಲ್ ಒಳಬರುತ್ತದೆ, ಅದರಲ್ಲಿ ಒಂದಷ್ಟು ಉರಿಯದೆ ಹೊಗೆಯ ಜೊತೆಗೇ ಹೊರಟುಹೋಗುತ್ತದೆ. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತದೆ. ಆದ್ದರಿಂದ ಪಿಕಪ್ ಜಾಸ್ತಿ, ಮೈಲೇಜ್ ಕಡಿಮೆ, ಹೊಗೆ ಬಹಳ. ಫೋರ್-ಸ್ಟ್ರೋಕ್‌ನಲ್ಲಿ ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಬೇರೆ ಬೇರೆ ಹೊತ್ತಿಗೆ ತೆರೆಯುತ್ತವೆ. ವೇಗ ಸ್ವಲ್ಪ ಕಡಿಮೆ, ಆದರೆ ಪೆಟ್ರೋಲ್ ಪೋಲಾಗುವುದಿಲ್ಲ.

98 ಸಿಸಿಯ ಆರ್‌ಎಕ್ಸ್ 100ಗೆ 11 ಹಾರ್ಸ್ ಪವರ್ ಇತ್ತು, ಹುಡುಗರಿಗೆ ಅದೆಂದರೆ ಪ್ರಾಣ. 97.2 ಸಿಸಿಯ ಸಿಡಿ 100 ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು ಕೊಟ್ಟಿತು, ಸಂಬಳ ಎಣಿಸಿ ಖರ್ಚು ಮಾಡುವ ಅಪ್ಪಂದಿರಿಗೆ ಅದು ಹಿಡಿಸಿತು. ಕೊನೆಗೆ ಗೆದ್ದದ್ದು ಅಪ್ಪಂದಿರು. 1991ರಿಂದ ಹೊಗೆಯ ಮೇಲೆ ಮಿತಿ ಬಂತು, 1996ರಲ್ಲಿ ಮತ್ತು 2000ದಲ್ಲಿ ಅದು ಇನ್ನೂ ಬಿಗಿಯಾಯಿತು. 1996ರಲ್ಲಿ ಆರ್‌ಎಕ್ಸ್ 100 ನಿಂತಿತು, ಮೈಸೂರಿನ ಕಾರ್ಖಾನೆಯೂ ಅದೇ ವರ್ಷ ನಿಂತಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಅದೇ 97.2 ಸಿಸಿ ಅಳತೆಯ ಫೋರ್-ಸ್ಟ್ರೋಕ್ ಇಂಜಿನ್ ಹೊತ್ತು ಊರೂರಿಗೆ ಹೋಯಿತು. ಹೊಸೂರಿನ ಕಂಪನಿ 2001ರಲ್ಲಿ ಸುಜುಕಿಯಿಂದ ಬೇರೆಯಾಗಿ, ತಾನೇ ರೂಪಿಸಿದ ಫೋರ್-ಸ್ಟ್ರೋಕ್ ವಿಕ್ಟರ್ ತಂದಿತು. ಆಮೇಲೆ ಸಿಟಿ 100, ಪ್ಲಾಟಿನಾ, ಸ್ಟಾರ್ ಸಿಟಿ.

ಗಾಡಿ ಹೀಗೆ ಹೇರಳವಾದಾಗಲೇ "ಅಗ್ಗದ ಹಳೆ ಬೈಕು" ಹುಟ್ಟಿದ್ದು. ಹಣವಿದ್ದವರು ಐದಾರು ವರ್ಷಕ್ಕೆ ಹೊಸದು ಕೊಂಡರು, ಹಳೆಯದು ನಮ್ಮಂಥವರ ಕೈಗೆ ಬಂತು. ಒಂದೇ ಬಗೆಯ ಇಂಜಿನ್ ದಶಕಗಟ್ಟಲೆ ಓಡಿದ್ದರಿಂದ ಬಿಡಿಭಾಗ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ, ರಿಪೇರಿ ಬಲ್ಲ ಮೆಕ್ಯಾನಿಕ್ ಪ್ರತಿ ಬಸ್ ಸ್ಟಾಂಡಿನ ಹತ್ತಿರವೂ ಇದ್ದಾನೆ. ನಿಂತುಹೋದ ಆರ್‌ಎಕ್ಸ್ 100 ಮಾತ್ರ ಉಲ್ಟಾ ದಾರಿ ಹಿಡಿಯಿತು. ಒಳ್ಳೆ ಸ್ಥಿತಿಯಲ್ಲಿದ್ದರೆ ಇಂದು ಹೊಸ 100 ಸಿಸಿ ಬೈಕಿಗಿಂತ ದುಬಾರಿ. ದಿನಾ ಕೆಲಸಕ್ಕೆ ಹೋಗುವವರು ಅದರ ಆಸೆ ಬಿಡುವುದೇ ವಾಸಿ.

ಗಾಡಿಯ ವಯಸ್ಸು ಓದುವುದು

ಕಾನೂನು ಬದಲಾದಂತೆ ಬೈಕಿನ ಮೈಮೇಲೆ ಗುರುತು ಬಿದ್ದಿದೆ. ಹಗಲಲ್ಲೂ ಹೆಡ್‌ಲೈಟ್ ತಾನೇ ಉರಿಯುತ್ತಿದ್ದು ಆರಿಸಲು ಸ್ವಿಚ್ ಇಲ್ಲದಿದ್ದರೆ ಸಾಮಾನ್ಯವಾಗಿ ಅದು 2017ರ ಏಪ್ರಿಲ್ ನಂತರದ ಬಿಎಸ್-4 ಗಾಡಿ. ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಹಿಡಿಯುವ ಕಂಬೈನ್ಡ್ ಬ್ರೇಕ್ 2019ರ ಏಪ್ರಿಲ್‌ನಿಂದ ಸಣ್ಣ ಬೈಕುಗಳಿಗೆಲ್ಲ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6, ಹೆಚ್ಚಿನವುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು. ಹೊಸ ಬೈಕಿನ ಬೆಲೆಯೂ ಏರಿತು. ಮಾರುವವನು ಹೇಳುವ ವರ್ಷಕ್ಕೂ ಈ ಗುರುತಿಗೂ ತಾಳೆಯಾಗದಿದ್ದರೆ ಆರ್‌ಸಿ ಕೇಳಿ.

ಇಂಜಿನ್ ತಣ್ಣಗಿರುವಾಗ ಹೋಗಿ ನೋಡಿ. ಬಿಸಿಯಾದ ಇಂಜಿನ್ ಯಾವುದಾದರೂ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಫೋರ್-ಸ್ಟ್ರೋಕ್ ಬೈಕಿನ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ, ಇಂಜಿನ್ ಕೆಲಸಕ್ಕೆ ಹಣ ಎತ್ತಿಡಬೇಕು. ಚೈನು, ಟೈರು, ಬ್ರೇಕ್ ಸವೆದಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಿ ಕೇಳಿ. ಹ್ಯಾಂಡಲ್ ಒಂದು ಕಡೆಗೆ ಎಳೆದರೆ ಗಾಡಿ ಎಲ್ಲೋ ಬಿದ್ದಿದೆ, ಬಿಟ್ಟುಬನ್ನಿ.

ಕಾಗದದ ಚರಿತ್ರೆ

ಮೆಕ್ಯಾನಿಕ್ ಸರಿಮಾಡಲಾಗದ ಭಾಗ ಕಾಗದ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಹಣ ಕೊಟ್ಟವರಲ್ಲ, ಕೀ ಹಿಡಿದವರಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ವಾಹನ ಎಷ್ಟು ಕೈ ಬದಲಾಗಿದ್ದರೂ ಅಪಘಾತವಾದಾಗ ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ. ಹಾಗಾಗಿ ಹೆಸರು ಬದಲಾವಣೆ ಕೊಳ್ಳುವವನಿಗೆ ಎಷ್ಟು ಮುಖ್ಯವೋ ಮಾರುವವನಿಗೂ ಅಷ್ಟೇ ಮುಖ್ಯ. ಅಪ್ಪನ ಹಳೆ ಗಾಡಿಯನ್ನು ಯಾರಿಗೋ ಕೊಟ್ಟು ಮರೆತವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಇವತ್ತೇ ವಿಚಾರಿಸಿ.

ಒಂದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಫಾರಂ 29 ಮತ್ತು 30. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದ್ದಕ್ಕೆ ಫಾರಂ 35 ಬೇಕು, ಇಲ್ಲದಿದ್ದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಉಳಿಯುತ್ತದೆ. ಆರ್‌ಸಿ 15 ವರ್ಷದ್ದು, ಆಮೇಲೆ ತಪಾಸಣೆಯಾಗಿ 5 ವರ್ಷಕ್ಕೊಮ್ಮೆ ನವೀಕರಣ. 14 ವರ್ಷದ ಬೈಕು ಬಹಳ ಅಗ್ಗಕ್ಕೆ ಸಿಕ್ಕರೆ ಕಾರಣ ಇದೇ ಇರಬಹುದು.

ನಮ್ಮ ಗಡಿಯವರಿಗೆ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಗಾಡಿ ಬೇಕಾದಷ್ಟು, ಬೆಲೆಯೂ ಇಳಿದಿರುತ್ತದೆ. ಆದರೆ ಕೆಎ ಗಾಡಿಯನ್ನು ಹೊಸೂರಿನ ಮನೆಯಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ತಮಿಳುನಾಡಿನಲ್ಲಿ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಮೊದಲು ಹಳೆ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅಲ್ಲಿ ಉಳಿದ ಅವಧಿಯ ತೆರಿಗೆ ವಾಪಸ್ ಕೇಳಲು ಬೇರೆ ಅರ್ಜಿ, ಬೇರೆ ಓಡಾಟ. ಇದೆಲ್ಲ ಸೇರಿಸಿ ಲೆಕ್ಕ ಹಾಕಿದರೆ 19,000ದ ಕೆಎ ಬೈಕಿಗಿಂತ 25,000ದ ಟಿಎನ್ ಬೈಕು ಅಗ್ಗವಾದೀತು.

ಹೆತ್ತವರಲ್ಲೂ ಒಂದು ವಿನಂತಿ. ಗೇರ್ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಹುಡುಗ ಹಟ ಮಾಡುತ್ತಾನೆಂದು ಮುಂಚೆಯೇ ಕೀ ಕೊಡಬೇಡಿ. ಕೊಳ್ಳುವ ಹಣದಲ್ಲೇ ಇನ್ಶೂರೆನ್ಸ್ ಮತ್ತು ಹೆಲ್ಮೆಟ್ಟಿನ ಪಾಲು ಎತ್ತಿಡಿ.

ಆ ಅಜ್ಜಿ ಈಗ ಕೋಲು ಹಿಡಿದು ನಡೆಯುತ್ತಾರೆ. ನಮ್ಮ ತಮ್ಮ ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಔಷಧಿ ಕೊಟ್ಟು ಬರುತ್ತಾನೆ. ಆರ್‌ಸಿಯಲ್ಲಿದ್ದ ಆ ಮನುಷ್ಯನೂ ಸಿಕ್ಕಿದರು. ಪಾಪ, ಆರು ವರ್ಷದ ಹಿಂದೆ ಮಾರಿದ ಗಾಡಿಗಾಗಿ ಅವರ ಮನೆಗೆ ನೋಟಿಸ್ ಹೋಗಿತ್ತು. ಒಂದು ಸಹಿ ಬಿಟ್ಟುಹೋದದ್ದಕ್ಕೆ ಮೂರು ಮನೆಗಳು ನೊಂದವು.

ಗಾಡಿ ನೋಡಲು ಹೋಗುವಾಗ ಒಬ್ಬರೇ ಹೋಗಬೇಡಿ. ಮುಂಗಡ ಕೊಡುವ ಮುಂಚೆ ಆರ್‌ಸಿಯ ಒಂದು ಪ್ರತಿ ತೆಗೆದುಕೊಂಡು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಹತ್ತಿರ ಬನ್ನಿ. ಕೂತು ಓದೋಣ, ಆಮೇಲೆ ಎಲ್ಲರೂ ಸೇರಿ ಹೋಗಿ ಕಿಕ್ ಹೊಡೆದು ನೋಡೋಣ.