ಘಟಪ್ರಭೆಯ ದಂಡೆಯ ಭಾಷಣಗಳು

ದಲಿತ ವಿಮರ್ಶೆ ಎಂದ ಕೂಡಲೇ ನಾವು ಪುಸ್ತಕ ತೆಗೆಯುತ್ತೇವೆ. ಕವಿತೆ, ಕತೆ, ಕಾದಂಬರಿ, ಆತ್ಮಕತೆ, ಹೀಗೆ ಅಚ್ಚಾದದ್ದೇ ಪಠ್ಯ. ಅಚ್ಚಾಗದ ಮಾತಿಗೆ ‘ಮೌಖಿಕ ಪರಂಪರೆ’ ಎಂದು ಮರ್ಯಾದೆಯ ಹೆಸರಿಟ್ಟು ಜಾನಪದ ವಿಭಾಗದ ಕಪಾಟಿಗೆ ಸೇರಿಸಿಬಿಡುತ್ತೇವೆ. ಈ ಎರಡಕ್ಕೂ ಸೇರದೆ ನಡುವೆ ಬಿದ್ದುಹೋದದ್ದು ಭಾಷಣ. ‘ಭಾಷಣ ಬಿಗಿದ’ ಎಂದು ಆಡಿಕೊಳ್ಳುವ ನಮ್ಮ ವಿಮರ್ಶಕರಿಗೆ ಅದು ಸಾಹಿತ್ಯದ ಅಪಭ್ರಂಶ. ಆದರೆ ಗೋಕಾಕ, ಹುಕ್ಕೇರಿ, ಮೊನ್ನೆಮೊನ್ನೆಯವರೆಗೆ ಗೋಕಾಕ ತಾಲ್ಲೂಕಿನೊಳಗೇ ಇದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿ, ಈ ಸೀಮೆಯ ಕೇರಿಯೊಂದರಲ್ಲಿ ಬೆಳೆದ ನನಗೆ ನಮ್ಮ ಮಂದಿ ಮೊದಲು ಓದಿದ ಪಠ್ಯ ಭಾಷಣವೇ ಅನ್ನಿಸುತ್ತದೆ. ಅಕ್ಷರ ಬಾರದವರು ಕಿವಿಯಿಂದ ಓದಿದರು. ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕೂತು ಅದಕ್ಕೆ ವ್ಯಾಖ್ಯಾನ ಬರೆದರು, ಬಾಯಿಂದಲೇ.

ನಮ್ಮ ಜಿಲ್ಲೆಯ ಶಾಲೆಯ ಮಕ್ಕಳಿಗೆಲ್ಲ 1924ರ ಡಿಸೆಂಬರ್ ಗೊತ್ತು. ಬೆಳಗಾವಿಯ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು, ನೀರಿಗೆಂದು ತೋಡಿದ ಕಾಂಗ್ರೆಸ್ ಬಾವಿ. ಅದಾಗಿ ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಸೇರಿತು, ಡಾ. ಅಂಬೇಡ್ಕರ್ ಅದರ ಮುಂದೆ ನಿಂತು ಮಾತಾಡಿದರು ಎಂಬುದನ್ನು ನನಗೆ ಯಾವ ಮಾಸ್ತರರೂ ಹೇಳಲಿಲ್ಲ. ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಮುಂಬಯಿ ಶಾಸನ ಸಭೆ 1923ರಲ್ಲಿ ಬೋಲೆಯವರ ಠರಾವು ಒಪ್ಪಿ, ಸರಕಾರದ ದುಡ್ಡಿನ ಕೆರೆ ಬಾವಿ ಧರ್ಮಶಾಲೆ ಎಲ್ಲರಿಗೂ ತೆರೆದಿವೆ ಎಂದು ಬರೆದಿಟ್ಟಿತ್ತು. ಕಾಗದ ತೆರೆದಿತ್ತು, ಬಾವಿ ತೆರೆದಿರಲಿಲ್ಲ. ಅಧಿವೇಶನದ ಮಂದಿಗಾಗಿ ಒಂದು ಬಾವಿ ತೋಡಿದ ಜಿಲ್ಲೆಯಲ್ಲೇ ಬಾವಿಗೆ ಇಳಿಯಲಾರದವರು ಬೇರೆ ಪಂದಲು ಹಾಕಿಕೊಂಡರು. ಈ ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಓದುವುದು ನನ್ನ ಮಟ್ಟಿಗೆ ದಲಿತ ವಿಮರ್ಶೆಯ ಮೊದಲ ಕೆಲಸ.

ನಿಪ್ಪಾಣಿ ಏಕಾಏಕಿ ಆದದ್ದಲ್ಲ. ಹತ್ತಿರದ ಮಾಣಗಾವಿಯಲ್ಲಿ 1920ರ ಮಾರ್ಚ್‌ನಲ್ಲೇ ಶಾಹೂ ಮಹಾರಾಜರು ಬಂದು, ನಿಮ್ಮ ನಾಯಕ ನಿಮ್ಮಲ್ಲೇ ಸಿಕ್ಕಿದ್ದಾನೆ ಎಂಬ ಅರ್ಥದ ಮಾತಾಡಿ ಅಂಬೇಡ್ಕರರನ್ನು ಜನರಿಗೆ ಒಪ್ಪಿಸಿದ್ದರು. 1902ರಷ್ಟು ಹಿಂದೆಯೇ ಕೊಲ್ಲಾಪುರದ ನೌಕರಿಗಳಲ್ಲಿ ಅರ್ಧ ಪಾಲು ಹಿಂದುಳಿದವರಿಗೆ ಎಂದ ರಾಜ ಆತ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದವರಿಗೆ ಕೊಲ್ಲಾಪುರ ಎಂದರೆ ಸಂತೆಯ ದೂರ, ಧಾರವಾಡಕ್ಕಿಂತ ಸನಿಹ. 1929ರಲ್ಲಿ ಅಂಬೇಡ್ಕರ್ ಬೆಳಗಾವಿಯಲ್ಲಿ ಮಾತಾಡಿದರು. ಅದೇ ವರ್ಷ ಧಾರವಾಡದಲ್ಲಿ ನಮ್ಮ ಹುಡುಗರಿಗೆ ವಸತಿಗೃಹ ಶುರುವಾಯಿತು. ನಿಪ್ಪಾಣಿಯ ಬಳವಂತ ವರಾಳೆಯವರು ಅದನ್ನು ಹೊತ್ತು ನಡೆಸಿದರು. ಭಾಷಣ ಕೇಳಿ ಎದ್ದು ಹೋಗದೆ ಒಬ್ಬ ಮನುಷ್ಯ ಅದನ್ನು ಕಟ್ಟಡ ಮಾಡಿದ, ರೊಟ್ಟಿ ಮಾಡಿದ. ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಓದುಗ ಬೇಕೇ?

ಇಲ್ಲಿ ಒಂದು ತಕರಾರನ್ನು ನಾನೇ ಎತ್ತಬೇಕು. ಆ ಮಾತೆಲ್ಲ ಮರಾಠಿ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಅದು ಮನೆಯ ಮಾತು. ಘಟಪ್ರಭೆಯ ದಂಡೆಗೆ ಬರುವಷ್ಟರಲ್ಲಿ ಸೊರಗಿತ್ತು. ಜಾತಿಯ ಲೆಕ್ಕವೂ ಇತ್ತು. ಮಹಾರರ ಕೇರಿಗೆ ಬಂದಷ್ಟು ಬೇಗ ಬಾಬಾಸಾಹೇಬರ ಮಾತು ನಮ್ಮ ಮಾದರ ಕೇರಿಗೆ ಬರಲಿಲ್ಲ. ನಮ್ಮ ಆಯಿಗೆ ಗೊತ್ತಿದ್ದ ದೊಡ್ಡ ಮಾತೆಂದರೆ ಗುಡ್ಡದ ಯಲ್ಲಮ್ಮನ ‘ಉಧೋ ಉಧೋ’ ಒಂದೇ. ಆಕೆಗೆ ಏಳನೇ ವರ್ಷಕ್ಕೆ ಮುತ್ತು ಕಟ್ಟಿದ್ದರು. ಮನೆಯಲ್ಲಿ ಗಂಡು ಕೂಸಿರಲಿಲ್ಲ. ಮುತ್ತು ಕಟ್ಟಿದ ಹೆಣ್ಣು ಗಂಡನ ಮನೆಗೆ ಹೋಗುವುದಿಲ್ಲ, ತಾಯಿ ತಂದೆಯನ್ನು ಸಾಕುತ್ತಾಳೆ, ಮನೆಗೆ ಅವಳೇ ಮಗ. ದೇವಿಯ ಹೆಸರಿನಲ್ಲಿ ನಡೆದ ಲೆಕ್ಕಾಚಾರ ಇದು. ಆಯಿಯ ನಂತರ ಅವ್ವನಿಗೂ ಕಟ್ಟಿದರು. ನಾನು ಆ ಮನೆಯ ಕೂಸು.

1936ರ ಜೂನ್ 16ರಂದು ಮುಂಬಯಿಯ ಪರಳದ ದಾಮೋದರ ಹಾಲಿನಲ್ಲಿ ಅಂಬೇಡ್ಕರ್ ಒಂದು ಭಾಷಣ ಮಾಡಿದರು. ಕೇಳುವವರು ದೇವದಾಸಿಯರು, ಜೋಗತಿಯರು, ಮುರಳಿಯರು, ಪೋತರಾಜರು. ಯೇವಲೆಯಲ್ಲಿ ಧರ್ಮ ಬಿಡುವ ಮಾತಾಡಿ ಎಂಟು ತಿಂಗಳಾಗಿತ್ತು. ಕಾಮಾಠಿಪುರದ ಹೆಣ್ಣುಮಕ್ಕಳಿಗೆ ಅವರು ಹೇಳಿದ್ದರ ಸಾರ ಇಷ್ಟು: ನಿಮ್ಮ ಬಾಳುವೆ ಸಮಾಜಕ್ಕೆ ಕಳಂಕ, ಅದನ್ನು ಬಿಡಲೇಬೇಕು, ಬಿಟ್ಟರೆ ಹೊಟ್ಟೆಗೇನು ಎಂದು ಕೇಳುತ್ತೀರಿ, ಅದನ್ನು ನಾನು ಹೇಳಲಾರೆ, ದಾರಿಗಳು ನೂರಾರಿವೆ. ಬೆಳಗಾವಿ, ವಿಜಾಪುರ ಸೀಮೆಯಿಂದ ರೈಲು ಹತ್ತಿಸಿ ಕಾಮಾಠಿಪುರಕ್ಕೆ ಮುಟ್ಟಿಸಿದ ಹುಡುಗಿಯರ ಕತೆ ನಮ್ಮ ಯಾವ ಕೇರಿಗೂ ಹೊಸದಲ್ಲ.

ಈ ಭಾಷಣದ ಬಗ್ಗೆ ಓದಿದಾಗ ನನಗೆ ಸಂಕಟವಾಯಿತು. ‘ಕಳಂಕ’ ಎಂಬ ಶಬ್ದ ನನ್ನ ಆಯಿಯ ಮೈಮೇಲೆ ಬಿದ್ದಂತಾಯಿತು. ನಮ್ಮ ವಿಮರ್ಶಕರು ಇಂಥ ಕಡೆ ಎರಡು ದಾರಿ ಹಿಡಿಯುತ್ತಾರೆ. ಒಂದೋ ಬಾಬಾಸಾಹೇಬರು ಹೇಳಿದ್ದೇ ಕೊನೆ ಎನ್ನುತ್ತಾರೆ. ಇಲ್ಲವೇ ಅವರಲ್ಲೂ ಗಂಡಸಿನ ನೋಟ ಇತ್ತು ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನಾನು ಅವ್ವನಿಗೆ ಕನ್ನಡ ಮಾಡಿ ಹೇಳಿದೆ. ಆಕೆ ಬಹಳ ಹೊತ್ತು ಜೋಳ ಹಸನ ಮಾಡುತ್ತಾ ಕೂತಿದ್ದಳು. ಆಮೇಲೆ, “ನೂರು ದಾರಿ ಅದಾವು ಅಂದ ಮ್ಯಾಲ ಒಂದರ ತೋರಸಬೇಕಿತ್ತು ಅಂವ. ಇರಲಿ. ನಮ್ಮನ್ನ ಹಾಡಾಕ ಕರದವ್ರು ಅದಾರ, ಕುಣ್ಯಾಕ ಕರದವ್ರು ಅದಾರ, ಮಕ್ಕೊಳ್ಳಾಕ ಕರದವ್ರು ಅದಾರ. ಕುಂಡ್ರಿಸಿಕೊಂಡು ಮಾತು ಹೇಳಾಕ ಕರದಾಂವ ಅಂವ ಒಬ್ಬನ” ಅಂದಳು. ಆ ಭಾಷಣದ ಮೇಲೆ ಇದಕ್ಕಿಂತ ನೆಟ್ಟಗಿನ ವಿಮರ್ಶೆ ನನಗೆ ಬರೆಯಲು ಬರುವುದಿಲ್ಲ.

ಕಾಯ್ದೆಗಳು ಬಂದವು. ಮುಂಬಯಿ ಪ್ರಾಂತದ್ದು 1934ರಲ್ಲಿ. ಕರ್ನಾಟಕದ್ದು 1982ರಲ್ಲಿ ಆಗಿ 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿದರೆ ಮೂರು ವರ್ಷದವರೆಗೆ ಸೆರೆ, ಹೆತ್ತವರೇ ಮಾಡಿದರೆ ಐದರವರೆಗೆ. ಕಾಯ್ದೆಯ ಜತೆಗೆ ಅಧಿಕಾರಿಗಳ ಭಾಷಣಗಳೂ ಬಂದವು. ಜೀಪು ಬರುತ್ತಿತ್ತು, ಚಾವಡಿಯ ಮುಂದೆ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದರು, ‘ಅನಿಷ್ಟ ಪದ್ಧತಿ’ ಎಂದು ಹತ್ತು ಸಲ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಅನಿಷ್ಟ ಪದ್ಧತಿಯೋ ನಾವೋ ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ಆ ಭಾಷಣಗಳ ವಾಕ್ಯದಲ್ಲಿ ಕರ್ತೃ ಯಾವಾಗಲೂ ಸರಕಾರ, ಕರ್ಮ ಯಾವಾಗಲೂ ಅವ್ವ.

ಬದಲಾದದ್ದು ತೊಂಬತ್ತರ ದಶಕದಲ್ಲಿ. ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಸೇರಿ ನಮ್ಮ ಕಡೆ ದೇವದಾಸಿಯರ ಸಂಘಗಳನ್ನು ಕಟ್ಟತೊಡಗಿದವು. ವಾರಕ್ಕಿಷ್ಟು ಉಳಿತಾಯ, ಎಮ್ಮೆ ಸಾಲ, ಹೊಲಿಗೆ. ಇದನ್ನೆಲ್ಲ ‘ಸುಧಾರಣಾವಾದ’ ಎಂದು ನಮ್ಮ ಕ್ರಾಂತಿಕಾರಿ ಗೆಳೆಯರು ಮೂಗು ಮುರಿದರು. ಕಾಲೇಜಿನಲ್ಲಿದ್ದ ನಾನೂ ಅವರ ಜತೆ ಮುರಿದೆ. ನಮಗೆ ಕಾಣದೇ ಹೋದದ್ದು ಒಂದು: ಆ ಸಭೆಗಳಲ್ಲಿ ಪ್ರತಿಯೊಬ್ಬಳೂ ಎದ್ದು ನಿಂತು ತನ್ನ ಹೆಸರು, ಊರು ಹೇಳಬೇಕಿತ್ತು. ಅಷ್ಟೇ. ಅಲ್ಲಿಂದ ಶುರುವಾಯಿತು.

ಅವ್ವನಿಗೆ ಜನರ ಮುಂದೆ ನಿಲ್ಲುವುದು ಹೊಸದಲ್ಲ. ಚೌಡಿಕೆ ಹಿಡಿದು ರಾತ್ರಿಯೆಲ್ಲ ಹಾಡಿದವಳು. ನಮ್ಮದು ಶ್ರೀಕೃಷ್ಣ ಪಾರಿಜಾತದ ಸೀಮೆ. ಕುಲಗೋಡ ತಮ್ಮಣ್ಣ ಆಟ ಕಟ್ಟಿದ ನೆಲ. ಕೌಜಲಗಿ ನಿಂಗಮ್ಮ ಹೆಣ್ಣಾಗಿ ಬಯಲಲ್ಲಿ ನಿಂತು ಗಂಡಸರ ಕಂಪನಿಗಳಿಗೆ ಸರಿಸಾಟಿಯಾಗಿ ಕುಣಿದ ನೆಲ. ಹಾಗಿದ್ದೂ ಮೊದಲ ಸಲ ಸಂಘದ ಸಭೆಯಲ್ಲಿ ಮೈಕು ಕೊಟ್ಟಾಗ ಅವ್ವನ ಕೈ ನಡುಗಿತಂತೆ. “ಹಾಡಾಕ ಹೆದರಿಕಿ ಇಲ್ಲವಾ, ಅದು ದೇವಿ ಮಾತು. ಇದು ನಂದ ಮಾತಲಾ, ಇದಕ್ಕ ಹೆದರಿಕಿ” ಎಂದು ಅಕ್ಕಪಕ್ಕದವರಿಗೆ ಹೇಳಿದಳಂತೆ. ದಲಿತ ಅಸ್ಮಿತೆಯ ಬಗ್ಗೆ ನಾವು ಬರೆದ ಲೇಖನಗಳನ್ನೆಲ್ಲ ಈ ಎರಡು ವಾಕ್ಯದ ಪಕ್ಕ ಇಟ್ಟು ನೋಡಬೇಕು. ನಮ್ಮ ಸಂಸ್ಕೃತಿ, ನಮ್ಮ ಚೌಡಿಕೆ, ನಮ್ಮ ಮಾತೃದೇವತೆ ಎಂದು ದೇಸಿವಾದಿಗಳು ಹಿಗ್ಗುವಾಗ ನನಗೆ ಈ ನಡುಗುವ ಕೈ ನೆನಪಾಗುತ್ತದೆ. ಹಾಗೆಂದು ಚೌಡಿಕೆಯನ್ನು ಅವ್ವ ಒಲೆಗೆ ಹಾಕಲಿಲ್ಲ. ಗೂಟಕ್ಕೆ ತೂಗುಹಾಕಿದಳು, ಮನಸ್ಸು ಕೆಟ್ಟಾಗ ಇಳಿಸಿ ಒಂದು ಸಲ ಮೀಟಿ ಮತ್ತೆ ತೂಗುಹಾಕುತ್ತಿದ್ದಳು.

ಆ ಹೆಣ್ಣುಮಕ್ಕಳ ಭಾಷಣದ ರೀತಿಯೇ ಬೇರೆ. ತತ್ವದಿಂದ ಶುರುವಾಗುತ್ತಿರಲಿಲ್ಲ, ತಲೆಯಿಂದ ಶುರುವಾಗುತ್ತಿತ್ತು. ಅಂದರೆ ಜಡೆಯಿಂದ. ಕೂದಲು ಗಂಟುಗಟ್ಟಿ ಜಡೆಯಾದರೆ ಯಲ್ಲಮ್ಮ ಒಲಿದಿದ್ದಾಳೆ, ಮುತ್ತು ಕಟ್ಟಲೇಬೇಕು ಎಂಬ ನಂಬಿಕೆ. ಸಭೆಯಲ್ಲಿ ಒಬ್ಬಳು ಎದ್ದು, “ನನಗೂ ಜಡಿ ಇತ್ತು, ಕತ್ತರಿಸಿಕೊಂಡ ಮೂರು ವರ್ಷ ಆತು, ಸತ್ತಿಲ್ಲ ನೋಡ್ರಿ, ನಿಮ್ಮ ಮುಂದ ನಿಂತೇನಿ” ಎನ್ನುತ್ತಿದ್ದಳು. ಮುಗಿಯಿತು ಭಾಷಣ. ಒಬ್ಬಿಬ್ಬರು ಅಲ್ಲೇ ತಲೆ ಕೊಡುತ್ತಿದ್ದರು. ಹೇನು, ಹುಣ್ಣು, ಕುತ್ತಿಗೆಯ ನೋವು ಎಲ್ಲ ದೇವಿಯ ಹೆಸರಿನಲ್ಲಿ ಹೊತ್ತು ತಿರುಗಿದವರು ಹಗುರಾಗಿ ಮನೆಗೆ ಹೋಗುತ್ತಿದ್ದರು. ಆಮೇಲೆ ಏಡ್ಸ್ ಬಂತು. ಡಾಕ್ಟರು ಕನ್ನಡದಲ್ಲೇ ಹೇಳಿದರೂ ತಿಳಿಯದಿದ್ದುದನ್ನು ಇವರು ನಗೆಚಾಟಿಕೆಯ ಮಾತಿನಲ್ಲಿ, ಎದುರಿಗೆ ಗಂಡಸರಿದ್ದರೂ ಮುಚ್ಚುಮರೆಯಿಲ್ಲದೆ ಹೇಳಿದರು. ಅಂಬೇಡ್ಕರರೂ 1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿ, ಮೊಣಕೈವರೆಗಿನ ಬೆಳ್ಳಿ ಒಡವೆ, ಮಕ್ಕಳ ಶಾಲೆ ಇವುಗಳ ಬಗ್ಗೆಯೇ ಮಾತಾಡಿದ್ದರಲ್ಲವೆ! ಮನುಸ್ಮೃತಿ ಸುಟ್ಟದ್ದನ್ನು ನಾವು ನೆನಪಿಟ್ಟೆವು, ಸೀರೆಯ ಮಾತನ್ನು ಮರೆತೆವು.

1997ರಲ್ಲಿ ಈ ಸಂಘಗಳ ಹೆಣ್ಣುಮಕ್ಕಳೇ ಸೇರಿ ಘಟಪ್ರಭೆಯಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಮಾಡಿಕೊಂಡರು. ನಡೆಸಿದವರು ಒಂದು ಕಾಲಕ್ಕೆ ಮುತ್ತು ಕಟ್ಟಿಸಿಕೊಂಡವರೇ. ಅವರಲ್ಲೊಬ್ಬರಾದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಂದು ಅವ್ವ ಟಿ.ವಿ. ನೋಡಿ, “ನಮ್ಮ ಸೀತವ್ವ” ಅಂದಳೇ ಹೊರತು ರಾಷ್ಟ್ರಪತಿಗಳ ಹೆಸರು ಕೇಳಲಿಲ್ಲ.

ಸರಕಾರದ ಎಣಿಕೆಯಲ್ಲಿ 1993-94ರಲ್ಲಿ ಸಿಕ್ಕವರು 22,873 ಮಂದಿ. 2007-08ರ ಎಣಿಕೆ ಸೇರಿ 46,660. ಕಾಯ್ದೆ ಬಂದ ಇಪ್ಪತ್ತೈದು ವರ್ಷಕ್ಕೆ ಪಟ್ಟಿ ಇಮ್ಮಡಿಯಾಯಿತು ಎಂದು ಪತ್ರಿಕೆಗಳು ಹುಯ್ಯಲಿಟ್ಟವು. ನನಗೆ ಇನ್ನೊಂದೂ ಕಾಣುತ್ತದೆ: ಅಡಗಿಸಿಕೊಂಡಿದ್ದ ಹೆಸರನ್ನು ಹೊರಗೆ ಹೇಳುವ ಧೈರ್ಯವೂ ಆ ಅಂಕಿಯಲ್ಲಿ ಒಂದಿಷ್ಟು ಇದ್ದೀತು.

ಹೆಸರಿನ ಮಾತು ಬಂತು, ಹೇಳಿಬಿಡುತ್ತೇನೆ. ನನ್ನನ್ನು ಶಾಲೆಗೆ ಹಚ್ಚಲು ಹೋದಾಗ ಮಾಸ್ತರರು ‘ತಂದೆಯ ಹೆಸರು’ ಕೇಳಿದರು. ಅವ್ವ ನೆಲ ನೋಡಿದಳು. ಹಿಂದೆ ನಿಂತವರು ಕಿಸಕ್ಕೆಂದು ನಕ್ಕರು. ಮಾಸ್ತರರು ತಾವೇ ಯಾವುದೋ ದೇವರ ಹೆಸರು ಬರೆದುಕೊಂಡರು. ಆ ಹೆಸರು ಹತ್ತನೇತ್ತೆಯ ಮಾರ್ಕ್ಸ್ ಕಾರ್ಡಿನಲ್ಲಿ, ಜಾತಿ ಸರ್ಟಿಫಿಕೇಟಿನಲ್ಲಿ, ನನ್ನ ನೌಕರಿಯ ಕಾಗದದಲ್ಲಿ ಬಂತು. ನಾನು ಅಂಥವನ ಮಗ ಎಂದು ನೂರು ಕಡೆ ಸಹಿ ಹಾಕಿದ್ದೇನೆ. ಅವ್ವ ಸಭೆಗಳಲ್ಲಿ ಹೇಳುತ್ತಿದ್ದದ್ದು ಈ ಒಂದೇ ಸಂಗತಿ, ಹದಿನೈದು ಇಪ್ಪತ್ತು ವರ್ಷ. “ಹೊತ್ತಾಕಿ ನಾ, ಹೆತ್ತಾಕಿ ನಾ, ಫೀ ತುಂಬಿದಾಕಿ ನಾ. ಕಾಲಂ ಯಾರದು?” 2025ರ ಹೊಸ ದೇವದಾಸಿ ಮಸೂದೆಯಲ್ಲಿ, ಇಂಥ ಮಕ್ಕಳು ಕಾಗದಪತ್ರದಲ್ಲಿ ತಂದೆಯ ಹೆಸರು ಹೇಳಲೇಬೇಕೆಂದಿಲ್ಲ ಎಂಬ ಮಾತು ಸೇರಿದೆ. ಅದನ್ನು ಬರೆದವರು ಬೆಂಗಳೂರಿನಲ್ಲಿ ಕೂತವರು. ಅವರ ಕಿವಿಗೆ ಅದು ಎಲ್ಲೆಲ್ಲಿಂದ ನಡೆದು ಬಂತು ಎಂಬ ಇತಿಹಾಸವನ್ನು ಬರೆಯಬೇಕಾದವರು ನಾವು.

ಈಗ ಭಾಷಣಗಳಿಗೆ ಬರವಿಲ್ಲ. 2014ರ ಡಿಸೆಂಬರ್ 6ರಂದು ಗೋಕಾಕದ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ರಾತ್ರಿ ಕಳೆದರು. ಸ್ಮಶಾನದಲ್ಲೇ ಊಟ, ಸ್ಮಶಾನದಲ್ಲೇ ಭಾಷಣ, ಮುಂದೆ ವರ್ಷವರ್ಷವೂ. ಅಂಜಿಕೆಯ ಬುಡಕ್ಕೆ ಕೈ ಹಾಕಿದ್ದು ಒಳ್ಳೆಯದೇ. ಸ್ಮಶಾನ ಕಾಯುವವನಿಗೆ ಅಲ್ಲಿ ಮಲಗುವುದು ವಿಚಾರಕ್ರಾಂತಿ ಅಲ್ಲ, ಡ್ಯೂಟಿ ಎಂದು ನನ್ನ ಗೆಳೆಯನೊಬ್ಬ ಚುಚ್ಚಿದ, ಅದೂ ಸುಳ್ಳಲ್ಲ. ನಿಪ್ಪಾಣಿಗೆ ನೂರು ವರ್ಷವಾದಾಗ, 2025ರ ಏಪ್ರಿಲ್‌ನಲ್ಲಿ, ರಾಜಕೀಯ ಪಕ್ಷದವರೂ ಅಲ್ಲಿಗೆ ಬಂದು ಹೋದರು. ನಮ್ಮ ಜಯಂತಿಗಳಲ್ಲಿ ಧಾರವಾಡದಿಂದ ಬೆಂಗಳೂರಿನಿಂದ ಬಂದವರು ‘ಸ್ಫೂರ್ತಿದಾಯಕ ಉಪನ್ಯಾಸ’ ಕೊಡುತ್ತಾರೆ, ಅಸ್ಮಿತೆ ಎಂಬ ಶಬ್ದವನ್ನು ಗಂಟೆಗೆ ಮೂವತ್ತು ಸಲ ಬಳಸುತ್ತಾರೆ. ಹೆಣ್ಣುಮಕ್ಕಳು ಹಿಂದಿನ ಸಾಲಿನಲ್ಲಿ ಕೂತು ಉಪ್ಪಿಟ್ಟು ಆರದಂತೆ ಮುಚ್ಚಿಡುತ್ತಾರೆ. ಅಂಥ ವೇದಿಕೆಗಳಲ್ಲಿ ನಾನೂ ಕೂತಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ.

ಈ ಸಂಚಿಕೆಗೆ ಅವ್ವನ ಒಂದು ಭಾಷಣವನ್ನು ಇದ್ದ ಹಾಗೇ ಇಳಿಸಿಕೊಡಬೇಕೆಂದು ಟ್ರಂಕು ಹುಡುಕಿದೆ. ಹುಕ್ಕೇರಿಯ ಒಂದು ಸಭೆಯಲ್ಲಿ ಯಾರೋ ಟೇಪಿನಲ್ಲಿ ಹಿಡಿದ ಕ್ಯಾಸೆಟ್ಟು ಸಿಕ್ಕಿತು. ಟೇಪ್ ರೆಕಾರ್ಡರ್ ಇನ್ನೂ ಇಟ್ಟುಕೊಂಡಿದ್ದ ಮಾವನ ಮನೆಗೆ ಹೋಗಿ ಹಾಕಿದೆವು. ಅದರ ಮೇಲೆ ಯಾವಾಗಲೋ ಪಾರಿಜಾತದ ಪದ ತುಂಬಿಸಿದ್ದೆವು, ನಾವೇ, ಮನೆಯವರೇ. ಕೊನೆಗೆ ಒಂದೂವರೆ ನಿಮಿಷ ಉಳಿದಿದೆ. ಕೂಸೊಂದು ಅಳುತ್ತದೆ, ಮೈಕು ಕಿರ್ರೆನ್ನುತ್ತದೆ, ಅವ್ವ ಏನೋ ಹೇಳುತ್ತಿದ್ದಾಳೆ, ಹಿಂದಿನಿಂದ ಒಂದು ಹೆಣ್ಣು ದನಿ, “ಜೋರಾಗಿ ಮಾತಾಡ ಯಕ್ಕಾ, ಇಲ್ಲಿ ಕೇಳಸವಲ್ದು” ಅನ್ನುತ್ತದೆ.