ಬಾನಿಗೆ ಹೋದ ಯಂತ್ರಮಾನವರು

ಏಳನೇ ತರಗತಿಯಲ್ಲಿ ಗಗನಯಾನದ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಕೆಲಸ ಮಾಡ್ಲಿಕ್ಕೆ ಕೈ ಸಾಕಲ್ಲ, ಯಂತ್ರಕ್ಕೆ ತಲೆ, ಕಾಲು ಯಾಕೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ವಿಜ್ಞಾನಿಗಳು ಉತ್ತರ ಕಂಡುಕೊಳ್ಳಲು ವರ್ಷಗಳೇ ಹಿಡಿದ ಪ್ರಶ್ನೆಯಿದು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹಿಡಿಕೆ, ಸ್ವಿಚ್ಚು, ಉಪಕರಣಗಳೆಲ್ಲ ಮನುಷ್ಯನ ಕೈಯ ಅಳತೆಗೆ ಮಾಡಿದವು. ಅವನ್ನೇ ಬಳಸಬಲ್ಲ ಯಂತ್ರ ಬೇಕೆಂದು ಅಮೆರಿಕದ ನಾಸಾ ಹ್ಯೂಸ್ಟನ್ನಿನ ಜಾನ್ಸನ್ ಕೇಂದ್ರದಲ್ಲಿ 1990ರ ದಶಕದಲ್ಲೇ ಕೆಲಸ ಆರಂಭಿಸಿತು. ಮುಂದೆ ಜನರಲ್ ಮೋಟಾರ್ಸ್ ಜೊತೆ ಸೇರಿ ರೊಬೊನಾಟ್-2 ಎಂಬ ಯಂತ್ರಮಾನವನನ್ನು ತಯಾರಿಸಿ, 24 ಫೆಬ್ರವರಿ 2011ರಂದು ಡಿಸ್ಕವರಿ ನೌಕೆಯಲ್ಲಿ ಕಳುಹಿಸಿತು. ತೂಕ ಸುಮಾರು 150 ಕಿಲೋ. ತಲೆಯಲ್ಲಿ ಕ್ಯಾಮೆರಾಗಳು ತುಂಬಿದ್ದರಿಂದ ಕಂಪ್ಯೂಟರ್‌ಗಳನ್ನು ಹೊಟ್ಟೆಯಲ್ಲಿ ಇಟ್ಟರು!

ಮೊದಲು ಅದಕ್ಕಿದ್ದದ್ದು ಸೊಂಟದಿಂದ ಮೇಲಿನ ಭಾಗ ಮಾತ್ರ. 15 ಫೆಬ್ರವರಿ 2012ರಂದು ನಿಲ್ದಾಣದ ನಾಯಕ ಡಾನ್ ಬರ್ಬ್ಯಾಂಕ್ ಅವರ ಕೈ ಕುಲುಕಿತು. ಸ್ವಿಚ್ಚು ಒತ್ತಿತು, ಗಾಳಿಯ ಹರಿವನ್ನು ಅಳೆಯಿತು, ಹಿಡಿಕೆಗಳನ್ನು ಒರೆಸಿತು.

2014ರಲ್ಲಿ ಕಾಲುಗಳು ಹೋದವು. ತೊಂದರೆ ಶುರುವಾದದ್ದು ಆಮೇಲೆ. ಯಂತ್ರ ಪದೇ ಪದೇ ಕೆಟ್ಟಿತು. ಸಹಾಯಕ್ಕೆಂದು ಬಂದದ್ದನ್ನು ಗಗನಯಾತ್ರಿಗಳೇ ಉಪಚರಿಸಬೇಕಾಯಿತು. ಕೊನೆಗೆ 2018ರಲ್ಲಿ ಭೂಮಿಗೆ ತಂದರು. ಕಾರಣವೇನು ಗೊತ್ತೇ? ವಿದ್ಯುತ್ತು ಹಿಂತಿರುಗಿ ಹರಿಯಬೇಕಾದ ದಾರಿಯಲ್ಲಿ ಒಂದು ತಂತಿಯೇ ಇರಲಿಲ್ಲ. ವಿದ್ಯುನ್ಮಂಡಲ ಪೂರ್ಣವಾಗಬೇಕೆಂಬುದು ನಾವು ಬಲ್ಬು, ಬ್ಯಾಟರಿ ಇಟ್ಟು ಕಲಿಸುವ ಪಾಠವಲ್ಲವೇ!

ಬೇರೆ ದೇಶಗಳೂ ಪ್ರಯತ್ನಿಸಿದವು. 2013ರಲ್ಲಿ ಜಪಾನ್ ಕಳುಹಿಸಿದ ಕಿರೊಬೊ 34 ಸೆಂ.ಮೀ. ಎತ್ತರದ ಗೊಂಬೆಯಂಥದ್ದು, ಕೊಯಿಚಿ ವಕಾತಾ ಅವರೊಡನೆ ಜಪಾನೀ ಭಾಷೆಯಲ್ಲಿ ಮಾತಾಡಿತು. ಆಗಸ್ಟ್ 2019ರಲ್ಲಿ ರಷ್ಯಾದ ಸ್ಕೈಬಾಟ್ ಎಫ್-850 ಹೋಗಿ ಮುಂದಿನ ತಿಂಗಳೇ ಮರಳಿತು. ನಿಲ್ದಾಣದ ಹೊರಗಿನ ಕೆಲಸಕ್ಕೆ ಅದರ ಉದ್ದ ಕಾಲುಗಳು ಉಪಯೋಗವಿಲ್ಲವೆಂದು ತಯಾರಿಸಿದವರೇ ಒಪ್ಪಿಕೊಂಡರು.

ನಮ್ಮ ಇಸ್ರೋ ಜನವರಿ 2020ರಲ್ಲಿ ಬೆಂಗಳೂರಿನಲ್ಲಿ ತೋರಿಸಿದ ವ್ಯೋಮಮಿತ್ರಕ್ಕೆ ಕಾಲುಗಳೇ ಇಲ್ಲ. ಕಾಸರಗೋಡಿನ ನಾವಿರುವ ಕೇರಳದ ತಿರುವನಂತಪುರದ ಇಸ್ರೋ ಘಟಕಗಳಿಗೂ ಅದರ ತಯಾರಿಯಲ್ಲಿ ಪಾಲಿದೆ. ಮನುಷ್ಯರಿಗಿಂತ ಮೊದಲು ಹೋಗಿ, ನೌಕೆಯೊಳಗಿನ ಸ್ಥಿತಿಯನ್ನು ನೆಲಕ್ಕೆ ತಿಳಿಸುವುದು ಅದಕ್ಕೆ ವಹಿಸಿದ ಕೆಲಸ. ಪರೀಕ್ಷೆಯಲ್ಲಿ ತಪ್ಪಾದರೂ ಯಾರ ಮನೆಯಲ್ಲೂ ದೀಪ ಆರಬಾರದು ಎಂಬುದೇ ಇದರ ಹಿಂದಿನ ಕಾಳಜಿ.

ಮರುದಿನ ಆ ಹುಡುಗನನ್ನು ಕರೆದು ಇಷ್ಟನ್ನೂ ಹೇಳಿದೆ. "ಹಾಗಾದ್ರೆ ನಾನು ಕೇಳಿದ್ದು ಸರಿ ಅಲ್ವಾ ಸಾರ್?" ಎಂದ. ಕಾಲಿನ ವಿಷಯದಲ್ಲಿ ಸರಿಯೇ. ಆದರೆ ಕ್ಯಾಮೆರಾ ಇಡಲು ತಲೆ ಬೇಕಾಯಿತು. ಮಕ್ಕಳೇ, ಯಾರು ನಕ್ಕರೂ ಪ್ರಶ್ನೆ ಕೇಳಿ. "ಈ ವಿದ್ಯುತ್ತು ಯಾವ ದಾರಿಯಲ್ಲಿ ಹಿಂತಿರುಗುತ್ತದೆ?" ಎಂದು ಹೊತ್ತಿಗೆ ಸರಿಯಾಗಿ ಒಬ್ಬರು ಕೇಳಿದ್ದರೆ, ಆ ರೊಬೊನಾಟ್ ಅಲ್ಲೇ ಇನ್ನಷ್ಟು ಕಾಲ ದುಡಿಯುತ್ತಿತ್ತೋ ಏನೋ.