ಬಿಚ್ಚಿ ಕಟ್ಟುವ ದೋಣಿ

ಅಲಪ್ಪುಳದ ಹಿನ್ನೀರಿನಲ್ಲಿ ಇವತ್ತು ಮಧುಚಂದ್ರದ ಜೋಡಿಗಳನ್ನು ಹೊತ್ತು ತೇಲುವ ದೋಣಿಮನೆಗಳ ಹಿರೀಕರು ಹೊತ್ತದ್ದು ಅಕ್ಕಿಯನ್ನು, ಕೊಬ್ಬರಿಯನ್ನು. ಕುಟ್ಟನಾಡಿನ ಗದ್ದೆಬಯಲಿನಿಂದ ಕೊಚ್ಚಿಗೆ ಟನ್ನುಗಟ್ಟಲೆ ಸರಕು ಸಾಗಿಸುತ್ತಿದ್ದ ಆ ದೋಣಿಯ ಹೆಸರು ಕೆಟ್ಟುವಳ್ಳಂ. ಕನ್ನಡದ ಕಿವಿಗೆ ಅದು ಕೆಟ್ಟುನಿಂತ ದೋಣಿಯಂತೆ ಕೇಳಿಸಬಹುದು. ಆದರೆ ಮಲಯಾಳದ ಆ ‘ಕೆಟ್ಟ್’ ನಮ್ಮ ‘ಕಟ್ಟು’ವಿನ ಒಡಹುಟ್ಟು, ಇದು ಕಟ್ಟಿದ ದೋಣಿ.

ಕಟ್ಟುವುದು ತೆಂಗಿನ ನಾರಿನ ಹಗ್ಗದಿಂದ. ಹೆಬ್ಬಲಸಿನ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಉದ್ದಕ್ಕೂ ತೂತು ಕೊರೆದು, ಸಂದಿನ ಮೇಲೆ ನಾರಿನ ಮೆತ್ತೆಯಿಟ್ಟು ಬಿಗಿಯಾಗಿ ಹೊಲಿಯುತ್ತಾರೆ. ಹಲಗೆ ಕೂಡಿಸಲು ಒಂದು ಮೊಳೆಯೂ ಬೇಡ.

ಈ ಹೊಲಿಗೆ ಕೇರಳದ್ದಷ್ಟೇ ಅಲ್ಲ, ಅರಬ್ಬೀ ಸಮುದ್ರದ ಎರಡೂ ದಡಗಳದ್ದು. 14ನೇ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಹೋದ ಇಬ್ನ್ ಬತೂತ ಅದಕ್ಕೆ ಕಾರಣವನ್ನೂ ಬರೆದಿಟ್ಟಿದ್ದಾನೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿಕೊಳ್ಳುತ್ತದೆ. ಅವನಿಗಿಂತ ಸ್ವಲ್ಪ ಮೊದಲು ಹೊರ್ಮುಜ್‌ನಲ್ಲಿ ಇಂಥವೇ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಮಾತ್ರ ಅವುಗಳನ್ನು ಹತ್ತುವುದೇ ಅಪಾಯ ಎಂದ. ದೋಣಿಯೊಳಗೆ ಸದಾ ಒಸರುವ ನೀರನ್ನು ನೆನೆದರೆ ಅವನ ಅಂಜಿಕೆಯನ್ನೂ ತಳ್ಳಿಹಾಕುವಂತಿಲ್ಲ.

ಹೊಲಿಗೆಯ ನಿಜವಾದ ಗುಣ ಗೊತ್ತಾಗುವುದು ರಿಪೇರಿಯ ಹೊತ್ತಿಗೆ. ನಾರು ಕೆಲವು ವರ್ಷಕ್ಕೆ ಸವೆಯುತ್ತದೆ. ದೋಣಿಯನ್ನು ದಡಕ್ಕೆಳೆದು, ಹಳೆಯ ಹಗ್ಗ ಕೊಯ್ದು, ಲಡ್ಡಾದ ಹಲಗೆಯೊಂದನ್ನೇ ತೆಗೆದು ಹೊಸದು ಕೂಡಿಸಿ, ಮತ್ತೆ ಹೊಲಿದರಾಯಿತು. ಮೊಳೆ ಕೀಳುವಾಗ ಮರ ಸೀಳುವಂತೆ ಇಲ್ಲಿ ಸೀಳುವುದಿಲ್ಲ. ತೂತುಗಳನ್ನು ನಾರು ತುರುಕಿ ಮುಚ್ಚುತ್ತಾರೆ. ಉಪ್ಪುನೀರಿನಲ್ಲಿ ಇನ್ನೊಬ್ಬ ಶತ್ರುವಿದ್ದಾನೆ, ಮರ ಕೊರೆಯುವ ಹಡಗುಹುಳು. ಹೆಸರಿಗೆ ಹುಳುವಾದರೂ ಅದು ಚಿಪ್ಪುಜೀವಿಯಾದ ಮರುವಾಯಿಯ ಬಳಗದ್ದು. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಇಡೀ ಹಲಗೆ ಜರಡಿ.

ಅದಕ್ಕೇ ದೋಣಿಗೆ ಕಪ್ಪು ಲೇಪ. ಗೇರುಬೀಜದ ಸಿಪ್ಪೆಯಿಂದ ಬರುವ ಎಣ್ಣೆಯನ್ನು ಕಾಯಿಸಿ ತಳಕ್ಕೆ ಬಳಿಯುತ್ತಾರೆ. ಹಸಿ ಗೇರುಬೀಜ ಕಚ್ಚಿ ತುಟಿ ಸುಟ್ಟುಕೊಂಡ ಕರಾವಳಿಯ ಮಕ್ಕಳಿಗೆ ಅದರ ಖಾರವನ್ನು ವಿವರಿಸಬೇಕಿಲ್ಲ. ಆದರೆ ಗೇರುಮರವನ್ನು ಬ್ರೆಜಿಲಿನಿಂದ ಇಲ್ಲಿಗೆ ತಂದವರು ಪೋರ್ಚುಗೀಸರು, ಅದೂ 16ನೇ ಶತಮಾನದಲ್ಲಿ. ಅಂದರೆ ಬತೂತ ಕಂಡ ಹಡಗುಗಳಿಗೆ ಈ ಎಣ್ಣೆ ಗೊತ್ತೇ ಇರಲಿಲ್ಲ. ‘ಅನಾದಿಕಾಲದ’ ಲೇಪ ಎನ್ನುವ ಪ್ರವಾಸಿ ಕರಪತ್ರಗಳು ಇದನ್ನು ಗಮನಿಸಿದರೆ ಒಳ್ಳೆಯದು. ಹಳೆಯದು ಮೀನೆಣ್ಣೆ. ಮಲಬಾರಿನಿಂದ ದಕ್ಷಿಣ ಕನ್ನಡದವರೆಗೆ ಬೂತಾಯಿ ಬೇಯಿಸಿ ತೆಗೆಯುತ್ತಿದ್ದ ಎಣ್ಣೆಯ ವಾಸನೆ ದೋಣಿ ಕಟ್ಟುವ ದಡಗಳಿಗೆ ಅಂಟಿಕೊಂಡೇ ಇರುತ್ತಿತ್ತು.

ರಸ್ತೆಯೂ ಲಾರಿಯೂ ಬಂದ ಮೇಲೆ ಕೆಟ್ಟುವಳ್ಳಂಗಳಿಗೆ ಸರಕು ತಪ್ಪಿತು, ಎಷ್ಟೋ ದೋಣಿಗಳು ದಡದಲ್ಲೇ ಕೊಳೆತವು. 1990ರ ದಶಕದಲ್ಲಿ ಬಿದಿರ ಚಾಪೆಯ ಮಾಡು, ಮಂಚ, ಅಡಿಗೆಮನೆ ಸೇರಿ ಅವು ಮರುಜನ್ಮ ಪಡೆದವು. ಭಾರ ಹೆಚ್ಚಿತು, ಎಂಜಿನ್ನಿನ ಅದುರು ಹೊಲಿಗೆಗೆ ಹೊಸ ಪೀಡೆಯಾಯಿತು. ಈಗ ಕೆಲವರು ಹಲಗೆಯ ಮೇಲೆ ಫೈಬರ್‌ಗ್ಲಾಸ್ ಹೊದಿಸುತ್ತಾರೆ, ಕೆಲವರು ತಳವನ್ನೇ ಉಕ್ಕಿನಲ್ಲಿ ಮಾಡಿಸುತ್ತಾರೆ. ಫೈಬರ್ ಹೊದಿಸಿದರೆ ನೀರೇನೋ ಒಸರುವುದಿಲ್ಲ. ಆದರೆ ಬಿರುಕಿನಲ್ಲಿ ನುಗ್ಗಿದ ತೇವ ಒಳಗೇ ಕೂತು ಮರವನ್ನು ತಿನ್ನುತ್ತದೆ, ಆಗ ಹಗ್ಗ ಕೊಯ್ದು ಒಂದು ಹಲಗೆ ತೆಗೆಯುವ ಹಳೆಯ ದಾರಿ ಮುಚ್ಚಿಹೋಗಿರುತ್ತದೆ. ಹೊದಿಕೆಯನ್ನೇ ಗರಗಸದಿಂದ ಕತ್ತರಿಸಬೇಕು.